ಬಲಗಡೆ ಸದ್ದಿಲ್ಲ

ನಲವತ್ತು ವರ್ಷ ರೇಡಿಯೊ, ಟೇಪು ರಿಪೇರಿ ಮಾಡಿದ್ದ ವೀರಭದ್ರಾಚಾರ್ ಆ ಹಳೆಯ ಸ್ಟೀರಿಯೊ ರಿಸೀವರಿನ ಮುಂದೆ ಸೋತುಹೋದರು. ಬೋರ್ಡಿನ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿದರು, ಒಂದೊಂದು ಬೆಸುಗೆಯನ್ನೂ ಹೊಸದಾಗಿ ಹಾಕಿದರು. ಮೀಟರು ಎಲ್ಲ ಸರಿಯಿದೆ ಎನ್ನುತ್ತಿತ್ತು. ಹೊಸ ಹೆಡ್‌ಫೋನ್ ತಂದು ಹಾಕಿಕೊಂಡರೂ ಬಲಗಡೆ ಮಾತ್ರ ಸದ್ದೇ ಇಲ್ಲ. ಹದಿನೈದು ದಿನ ಹೆಣಗಾಡಿ, ಕೊನೆಗೆ ಸೆಟ್ಟಿನ ಒಡತಿ ಸರ್ವಮಂಗಳಾ ಮೇಡಂ ಅವರನ್ನು ಅಂಗಡಿಗೆ ಕರೆಸಿದರು.

“ಬಲಗಡೆ ಚಾನೆಲ್ ಸತ್ತೇಹೋಗಿದೆ ಮೇಡಂ. ನನ್ನ ಕೈಲಿ ಆಗ್ಲಿಲ್ಲ. ಬೇರೆ ಯಾರಿಗಾದ್ರೂ ತೋರ್ಸಿ.”

“ನೀವೇ ಕೈಬಿಟ್ರೆ ಇನ್ಯಾರಿಗೆ ತೋರಿಸ್ಲಿ ಆಚಾರ್ರೇ?”

ಆಚಾರ್ ಸೆಟ್ ಆನ್ ಮಾಡಿ ಹೆಡ್‌ಫೋನನ್ನು ಅವರತ್ತ ಚಾಚಿದರು. ಮೇಡಂ ಅದನ್ನು ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು.

“ಎರಡೂ ಕಡೆ ಚೆನ್ನಾಗೇ ಕೇಳಿಸ್ತಿದೆಯಲ್ರೀ!”