ಒಂದೇ ಪದದ ಚೀಟಿ

ಅಕ್ಕನಿಗೆ ಹೊಂದಿಕೆಯಾದ ಕಿಡ್ನಿ ತಮ್ಮನದೊಂದೇ. ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು.

“ಕೊಡೋಕೆ ಮನಸ್ಸಿದೆಯಾ? ಇಲ್ಲದಿದ್ರೆ ‘ಅನ್‌ಸೂಟಬಲ್’ ಅಂತ ಬರೆದುಕೊಡ್ತೀನಿ. ಕಾರಣ ಯಾರಿಗೂ ಹೇಳಲ್ಲ.”

ಅವನು ತನ್ನ ಚಪ್ಪಲಿ ನೋಡುತ್ತ ಹೇಳಿದ.

“ಎರಡು ಸಣ್ಣ ಮಕ್ಕಳಿದಾವೆ ಸಾರ್. ನಾನು ಮಂಡಿಯಲ್ಲಿ ಮೂಟೆ ಹೊರೋನು. ಭಯ ಆಗುತ್ತೆ.”

“ಆಯ್ತು.”

“ಆ ಪದಕ್ಕೆ ಅರ್ಥ ಕೇಳಿದ್ರೆ?”

“ಹೊಂದಲ್ಲ ಅಂತ. ಅಷ್ಟೇ ಹೇಳಿ, ಸಾಕು.”

ವಾರ್ಡಿನಲ್ಲಿ ಅಕ್ಕ, ಯಾರೋ ತಂದುಕೊಟ್ಟ ಕಿತ್ತಳೆಯನ್ನು ತಮ್ಮನಿಗೆಂದು ಸುಲಿಯುತ್ತಿದ್ದಳು. ಕಿಡ್ನಿ ಪಥ್ಯದಿಂದಾಗಿ ಅವಳು ಅದನ್ನು ತಿನ್ನುವಂತಿರಲಿಲ್ಲ.

“ಏನಂತೋ?”

ಅವನು ಚೀಟಿ ಚಾಚಿದ. “ಅನ್‌ಸೂಟಬಲ್ ಅಂತೆ. ನಂದು ನಿಂಗೆ ಹೊಂದಲ್ವಂತೆ ಅಕ್ಕ.”

ಅಷ್ಟು ಹೇಳುವಾಗ ಅವನಿಗೆ ಅಳು ಬಂತು. ಅಕ್ಕ ಅವನ ಕೈಯಲ್ಲಿ ಒಂದು ತೊಳೆ ಇಟ್ಟು, ಪಕ್ಕದ ಹಾಸಿಗೆಯವರಿಗೆ ಕೇಳದಂತೆ ದನಿ ತಗ್ಗಿಸಿದಳು.

“ಅಳಬೇಡ ಕಣೋ. ಬೈಕೋಬೇಡ ನನ್ನ. ನೀನು ಕೊಟ್ಟೇ ಕೊಡ್ತೀನಿ ಅಂತ ಹಠ ಹಿಡಿದುಬಿಡ್ತೀಯ ಅಂತ, ಹಾಗೆ ಬರೆದುಕೊಡಿ ಅಂತ ನಿನ್ನೆ ನಾನೇ ಡಾಕ್ಟ್ರ ಕಾಲು ಹಿಡಿದಿದ್ದೆ.”