ಹಳೇ ಪದ್ಧತಿ

“ಅಣ್ಣ ಹೋದಮೇಲೆ ನೀವು ನಗೋದೇ ಬಿಟ್ಟಿದ್ದೀರಂತೆ, ಅತ್ತಿಗೆ,” ಎಂದ ನಿರ್ಮಾಪಕ.

ತುಳಸಮ್ಮನ ಗಂಡ ನಾಯಕನಾಗಿದ್ದ ನಗೆಚಿತ್ರಗಳ ಸರಣಿಯನ್ನು ಮತ್ತೆ ಶುರುಮಾಡಲು ಅವನಿಗೆ ಆಕೆಯ ಒಪ್ಪಿಗೆ ಬೇಕಿತ್ತು.

ಪ್ರತಿ ಚಿತ್ರದಲ್ಲೂ ನಾಯಕನಿಗೆ ಕಪಾಳಮೋಕ್ಷವಾಗುತ್ತಿತ್ತು. ಏಟು ನಿಜವಾಗಿಯೇ ಬೀಳಬೇಕು; ನಿರ್ಮಾಪಕ ನಗುವವರೆಗೂ ಟೇಕ್ ಓಕೆ ಆಗುತ್ತಿರಲಿಲ್ಲ. ಗಂಡನ ಬಲಗಿವಿ ಕಿವುಡಾದದ್ದು ಹಾಗೆ.

“ಈಗ ನಾಯಕ ಯಾರು?”

“ನನ್ನ ಮಗನೇ. ನಿಮ್ಮ ಆಶೀರ್ವಾದ ಬೇಕು.”

“ಕಪಾಳಮೋಕ್ಷ ಇರುತ್ತಾ?”

“ಅದಿಲ್ದೆ ಜನ ಬರ್ತಾರಾ? ಆದ್ರೆ ಈಗೆಲ್ಲ ಕೈ ತಾಗಿಸದೇನೇ ತೆಗೀಬಹುದು.”

“ಬೇಡ. ಹಳೇ ಪದ್ಧತೀಲೇ ಹೊಡೀಬೇಕು. ಹಾಗಾದ್ರೆ ಸಹಿ ಹಾಕ್ತೀನಿ.”

ನಿರ್ಮಾಪಕ ತುಸು ಯೋಚಿಸಿ ಹಲ್ಲುಕಿರಿದ. “ಆಗ್ಲಿ ಅತ್ತಿಗೆ. ಮೊದಲನೇ ಏಟಿಗೇ ನಕ್ಕುಬಿಡ್ತೀನಿ.”

ತುಳಸಮ್ಮ ಪೆನ್ನು ತೆಗೆದುಕೊಂಡಳು.

“ಈ ಸಲ ನೀವಲ್ಲ, ನಾನು ನಗಬೇಕು.”