ಹದಿನಾರು ಸೀಟಿನ ಬಸ್ಸು

ಗಂಡನ ಅಕ್ಕ ಮುಂದಿನ ಸಾಲಿನ ಕುರ್ಚಿಯನ್ನು ಎತ್ತಿಯೇಬಿಟ್ಟಳು. "ಬೇಬಿ ಶವರ್‌ಗೆ ಯಾರಾದ್ರೂ ಬಸ್ಸಿನ ಥೀಮ್ ಇಡ್ತಾರಾ? ಮೋಡ, ನಕ್ಷತ್ರ ಅಂತ ಏನಾದ್ರೂ ಮಾಡೋಣ. ಇದು ನೀನು ಕಂಡಕ್ಟರ್ ಅಂತ ಡಂಗುರ ಸಾರಿದ ಹಾಗಿದೆ."

ಏಳು ತಿಂಗಳ ಬಸುರಿ ಹಳೇ ಕ್ಯಾಲೆಂಡರಿನ ಹಾಳೆಗಳಿಂದ ಟಿಕೆಟ್ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದಿದ್ದ ಹದಿನಾರು ಕುರ್ಚಿಗಳು, ಒಂದರ ಬಣ್ಣ ಇನ್ನೊಂದಕ್ಕಿಲ್ಲ, ನಡುವೆ ದಾರಿ ಬಿಟ್ಟು ಸಾಲಾಗಿ ಕೂತಿದ್ದವು. ಸ್ಟೀರಿಂಗಿಗೆ ಅಡುಗೆಮನೆಯ ದೊಡ್ಡ ತಟ್ಟೆ.

"ಸಾರೋಕೇ ಮಾಡ್ತಿರೋದು, ಅಕ್ಕ. ಹೊಟ್ಟೇಲಿರೋ ಇದು ನನ್ನ ಜೊತೆ ದಿನಕ್ಕೆ ಎಂಟು ಟ್ರಿಪ್ ಹೊಡೆಯುತ್ತೆ. ಮೋಡ ಎಲ್ಲಿ ನೋಡಿದೆ?"

"ನಾಲ್ಕು ಜನ ಆಡ್ಕೊಳ್ತಾರೆ," ಎನ್ನುತ್ತ ಅವಳು ಕುರ್ಚಿ ಹಿಡಿದು ಬಾಗಿಲತ್ತ ನಡೆದಳು. ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು, ಆ ಖಾಲಿ ಜಾಗದಲ್ಲಿ ನಿಂತು, ಮೇಲೆ ಕಂಬಿ ಇದೆಯೇನೋ ಎಂಬಂತೆ ಒಂದು ಕೈ ಎತ್ತಿ ಹಿಡಿದರು.

"ಸೀಟಿಲ್ಲದಿದ್ರೆ ನಿಂತೇ ಬರ್ತೀನಿ. ಒಂದು ಟಿಕೆಟ್ ಕೊಡಮ್ಮ."

ಸೊಸೆ ಟಿಕೆಟ್ ಹರಿದುಕೊಟ್ಟಳು. ಕೊರಳಲ್ಲಿದ್ದ ಸೀಟಿಯನ್ನು ಊದಿ ಬಾಗಿಲ ಕಡೆ ತಿರುಗಿದಳು.

"ಇಳಿಯೋರು ಬೇಗ ಇಳೀರಿ. ಬಸ್ ಹೊರಡುತ್ತೆ."